ಬಚ್ಚಲುಮನೆಯಷ್ಟು ಜಾಗ, ಒಂದು ಚಕ್ರ: ಗಗನಯಾತ್ರಿಗಳ ವ್ಯಾಯಾಮ ಯಂತ್ರ ಕಟ್ಟಲು ಹೋಗಿ ಕಲಿತದ್ದು

ನಮ್ಮ ಮನೆಯ ಬಚ್ಚಲುಮನೆ 5 ಅಡಿ ಅಗಲ, 7 ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರ. ಗುಣಿಸಿದರೆ ಸುಮಾರು 332 ಘನ ಅಡಿ. ನಾಸಾದ ಒರಾಯನ್ ನೌಕೆಯಲ್ಲಿ ಮನುಷ್ಯರು ಇರಲು ಸಿಗುವ ಜಾಗ 330 ಘನ ಅಡಿ. ಆರ್ಟೆಮಿಸ್-2 ಯೋಜನೆಯ ಲೆಕ್ಕ ನಾಲ್ಕು ಜನ, ಸುಮಾರು ಹತ್ತು ದಿನ, ಚಂದ್ರನನ್ನು ಸುತ್ತಿ ವಾಪಸ್. ನಮ್ಮ ಬಚ್ಚಲುಮನೆಯಲ್ಲಿ ನಾಲ್ಕು ಜನ ಹತ್ತು ದಿನ ಇದ್ದ ಹಾಗೆ. ಊಟ ಅಲ್ಲೇ, ನಿದ್ದೆ ಅಲ್ಲೇ, ವ್ಯಾಯಾಮವೂ ಅಲ್ಲೇ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಈ ತೊಂದರೆ ಇಲ್ಲ. ಅಲ್ಲಿನ ವ್ಯಾಯಾಮ ಸಾಮಾನುಗಳೆಲ್ಲ ಸೇರಿ 4,000 ಪೌಂಡ್‌ಗಿಂತ ಜಾಸ್ತಿ, ಅಂದರೆ ಸುಮಾರು 1,800 ಕಿಲೋ ತೂಗುತ್ತವೆ. ತಿನ್ನುವ ಜಾಗ ಸುಮಾರು 850 ಘನ ಅಡಿ. ಎರಡೂವರೆ ಬಚ್ಚಲುಮನೆ ಬರೀ ಜಿಮ್‌ಗೇ ಹೋಯಿತು. ಒರಾಯನ್‌ನಲ್ಲಿ ಇದಕ್ಕೆಲ್ಲ ಬದಲಾಗಿ ಒಂದೇ ಒಂದು ಪೆಟ್ಟಿಗೆ. ಸುಮಾರು 30 ಪೌಂಡ್, ಅಂದರೆ 14 ಕಿಲೋಗೆ ಸ್ವಲ್ಪ ಕಡಿಮೆ. ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಸೂಟ್‌ಕೇಸ್‌ಗಿಂತ ಚಿಕ್ಕದು. ನೌಕೆಯ ಬಾಗಿಲ ಕೆಳಗೆ ಕೂರಿಸಿರುತ್ತಾರೆ, ಒಳಗೆ ಬರುವಾಗ ಅದೇ ಮೆಟ್ಟಿಲು. ಒಳಗಿರುವುದು ಒಂದು ಚಕ್ರ ಮತ್ತು ಅದಕ್ಕೆ ಸುತ್ತಿಕೊಳ್ಳುವ ಹಗ್ಗ. ಎಳೆದರೆ 400 ಪೌಂಡ್, ಅಂದರೆ 180 ಕಿಲೋವರೆಗೆ ಭಾರ ಕೊಡುತ್ತದೆ.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದು ಬಚ್ಚಲುಮನೆ ಅಳೆದೆ, ಅಷ್ಟೆ. ಆಮೇಲೆ ಅಂಥದ್ದೇ ಒಂದನ್ನು ಮನೆಯಲ್ಲಿ ಕಟ್ಟೋಣ ಅಂತ ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಹಿಂದೆ ನಾಲ್ಕು ಷರತ್ತು ಬರೆದೆ. ತೂಕ 14 ಕಿಲೋ. ಕರೆಂಟ್ ಇಲ್ಲದೆ ಭಾರ ಹುಟ್ಟಬೇಕು. ಮಂಚದ ಕೆಳಗೆ ಹಿಡಿಸಬೇಕು. ನೆಲಕ್ಕೆ ಬೋಲ್ಟ್ ಹೊಡೆಯುವಂತಿಲ್ಲ. ಕೊನೆಯ ಷರತ್ತು ಬರೆಯುವಾಗ ಅದು ಬಾಡಿಗೆ ಮನೆಯ ಷರತ್ತು ಅಂದುಕೊಂಡಿದ್ದೆ. ಕೊನೆಗೆ ನನ್ನ ಸಮಯವೆಲ್ಲ ತಿಂದದ್ದು ಅದೇ.

ಮೊದಲು, ಮೇಲೆ ವ್ಯಾಯಾಮ ಯಾಕೆ ಬೇಕು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಭಾರ ಹೊರದ ಮೂಳೆ ಕರಗುತ್ತದೆ. ವ್ಯಾಯಾಮ ಸಾಲದೆ ಹೋದರೆ ಸೊಂಟದ ಹತ್ತಿರದ ಮೂಳೆಯಲ್ಲಿ ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಸಾಂದ್ರತೆ ಹೋಗುತ್ತದೆ. ತೊಡೆ, ಮೀನಖಂಡ, ಬೆನ್ನಿನ ಸ್ನಾಯು ಕೂಡ ಸೊರಗುತ್ತವೆ. ಅದಕ್ಕೇ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ಇದಕ್ಕೇ ಮೀಸಲು. ನಮ್ಮ ಗಗನಯಾನದ್ದು ಮೂರು ದಿನದ ಹಾರಾಟ, ಅದಕ್ಕೆ ಇಷ್ಟೆಲ್ಲ ಬೇಕಿಲ್ಲ. ಆದರೆ 2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಕಟ್ಟುತ್ತೇವೆ ಅಂತ ಇಸ್ರೋ ಹೇಳಿದೆ. ಅಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಬೇಕೇ ಬೇಕು. 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಮಾಡಿದ ಪ್ರಯೋಗಗಳಲ್ಲಿ ಸ್ನಾಯುಕೋಶಗಳ ಬಗೆಗಿನದೊಂದು ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು.

ರಬ್ಬರ್ ಮತ್ತು ಗಾಳಿ: ಎರಡು ಶನಿವಾರ ದಂಡ

ಚಕ್ರಕ್ಕೆ ಕೈ ಹಾಕುವ ಮೊದಲು ಸುಲಭದ್ದನ್ನೆಲ್ಲ ನೋಡಿಬಿಡೋಣ ಅಂತ ರಬ್ಬರ್‌ನಿಂದ ಶುರು ಮಾಡಿದೆ. ರಬ್ಬರ್ ಬಾಹ್ಯಾಕಾಶಕ್ಕೆ ಹೊಸದಲ್ಲ. ಅಮೆರಿಕದ ಹಳೆಯ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನ ಕೊನೆಯ ತಂಡ 1973-74ರಲ್ಲಿ 84 ದಿನ ಮೇಲಿತ್ತು. ಅವರ ಟ್ರೆಡ್‌ಮಿಲ್ ಅಂದರೆ ಒಂದು ಟೆಫ್ಲಾನ್ ಹೊದಿಕೆಯ ತಗಡು. ಎಲಾಸ್ಟಿಕ್ ಹಗ್ಗ ಮೈಯನ್ನು ಕೆಳಕ್ಕೆ ಎಳೆಯುತ್ತಿತ್ತು, ಕಾಲುಚೀಲ ಹಾಕಿಕೊಂಡು ಅದರ ಮೇಲೆ ಜಾರುತ್ತ ನಡೆಯುತ್ತಿದ್ದರು. ಈಗಿನ ನಿಲ್ದಾಣದಲ್ಲೂ ಮೊದಲು ಇದ್ದ ಭಾರದ ಯಂತ್ರದೊಳಗೆ ರಬ್ಬರ್ ಇತ್ತು, ಗರಿಷ್ಠ 300 ಪೌಂಡ್.

ನಾನು ಬೈಕಿಗೆ ಸಾಮಾನು ಕಟ್ಟುವ ಎಲಾಸ್ಟಿಕ್ ಹಗ್ಗಗಳನ್ನು ಹಲಗೆಗೆ ಸಿಕ್ಕಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ ಎದ್ದು ಕೂತು ಮಾಡಿದೆ. ಕೂತಾಗ ಭಾರವೇ ಇಲ್ಲ, ಪೂರ್ತಿ ಎದ್ದಾಗ ಮಾತ್ರ ಜಗ್ಗುತ್ತದೆ. ಭಾರ ಬೇಕಾದ ಕಡೆ ಸಿಗುವುದಿಲ್ಲ. ಹತ್ತು ನಿಮಿಷಕ್ಕೇ ಬಿಚ್ಚಿಟ್ಟೆ.

ಎರಡನೆಯದು ಗಾಳಿ. ನಿಲ್ದಾಣಕ್ಕೆ 2008ರಲ್ಲಿ ಹೋದ ಎಆರ್‌ಇಡಿ ಅನ್ನುವ ಯಂತ್ರದ ಉಪಾಯ ನನಗೆ ತುಂಬಾ ಇಷ್ಟ. ಅದರೊಳಗೆ ಎರಡು ಸಿಲಿಂಡರ್, ಒಳಗಿನ ಗಾಳಿ ತೆಗೆದಿರುತ್ತಾರೆ. ಪಿಸ್ಟನ್ ಎಳೆದರೆ ಹೊರಗಿನ ಗಾಳಿ ವಾಪಸ್ ತಳ್ಳುತ್ತದೆ. ಎಷ್ಟು ದೂರ ಎಳೆದರೂ ಭಾರ ಹೆಚ್ಚುಕಮ್ಮಿ ಒಂದೇ, ಥೇಟ್ ಕಬ್ಬಿಣದ ತೂಕದ ಹಾಗೆ. 600 ಪೌಂಡ್‌ವರೆಗೆ ಕೊಡುತ್ತದೆ. ಲೆಕ್ಕವೂ ಸುಲಭ: ಸಮುದ್ರಮಟ್ಟದ ಗಾಳಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತುತ್ತದೆ.

ಗುಜರಿ ಅಂಗಡಿಯಲ್ಲಿ ಒಳವ್ಯಾಸ 63 ಎಂ.ಎಂ. ಇರುವ, ಗಾಳಿಯಲ್ಲಿ ನಡೆಯುವ ನ್ಯುಮ್ಯಾಟಿಕ್ ಸಿಲಿಂಡರ್ ಸಿಕ್ಕಿತು. ಪಿಸ್ಟನ್‌ನ ವಿಸ್ತೀರ್ಣ 31 ಚದರ ಸೆಂಟಿಮೀಟರ್. 31 ಕಿಲೋ ಬರಬೇಕು ಅಂದುಕೊಂಡು ಪಿಸ್ಟನ್ ತುದಿಯವರೆಗೆ ಒತ್ತಿ, ತೂತು ಮುಚ್ಚಿ, ಮೀನಂಗಡಿಯವರ ತೂಗುತಕ್ಕಡಿ ಸಿಕ್ಕಿಸಿ ಎಳೆದೆ. ಉಜ್ಜುವಿಕೆ ಲೆಕ್ಕ ಕಳೆದರೂ 29 ಆಸುಪಾಸು ನಿಂತುಬಿಟ್ಟಿತು. ಸೀಲ್ ಸೋರುತ್ತಿದೆ ಅಂತ ಸೀಲ್ ಬದಲಿಸಿದೆ. ಮತ್ತೆ 29. ಆಮೇಲೆ ಹೊಳೆಯಿತು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿ. ಇಲ್ಲಿ ಗಾಳಿಯೇ ಶೇಕಡ ಹತ್ತರಷ್ಟು ತೆಳು! ಸೀಲ್‌ಗೆ ಕೊಟ್ಟ 180 ರೂಪಾಯಿ ಭೂಗೋಳದ ಪಾಠಕ್ಕೆ ಫೀಸು ಅಂದುಕೊಂಡೆ.

ನಕ್ಕು ಬಿಟ್ಟರೂ ವಿಷಯ ಸಣ್ಣದಲ್ಲ. ನಿಲ್ದಾಣದೊಳಗೆ ಸಮುದ್ರಮಟ್ಟದ ಒತ್ತಡವೇ ಇಟ್ಟಿರುತ್ತಾರೆ, ಹಾಗಾಗಿ ಅಲ್ಲಿ ಸರಿ. ಒತ್ತಡ ಕಡಿಮೆ ಇಡುವ ನೌಕೆಯಲ್ಲಿ ಅದೇ ಸಿಲಿಂಡರ್ ಅಷ್ಟೇ ಸೋಮಾರಿಯಾಗುತ್ತದೆ. ಜೊತೆಗೆ ಜಾಗ. 300 ಎಂ.ಎಂ. ಎಳೆತಕ್ಕೆ ಸಿಲಿಂಡರ್ ಮತ್ತು ರಾಡ್ ಸೇರಿ ಮುಕ್ಕಾಲು ಮೀಟರ್ ಬೇಕು. ಮಂಚದ ಕೆಳಗಿನ ಷರತ್ತು ಬಿದ್ದುಹೋಯಿತು.

ಚಕ್ರ

ಫ್ಲೈವೀಲ್, ಅಂದರೆ ಭಾರದ ಚಕ್ರ ತಿರುಗಿಸಿ ಮಾಡುವ ವ್ಯಾಯಾಮ ಬಾಹ್ಯಾಕಾಶಕ್ಕಾಗಿಯೇ ಹುಟ್ಟಿದ ಉಪಾಯ. ಸ್ವೀಡನ್ನಿನ ಕರೋಲಿನ್ಸ್‌ಕಾ ಸಂಸ್ಥೆಯ ಹ್ಯಾನ್ಸ್ ಬರ್ಗ್ ಮತ್ತು ಪರ್ ಟೆಶ್ 1990ರ ದಶಕದ ಮೊದಲಲ್ಲಿ ಇದನ್ನು ರೂಪಿಸಿದರು. ನಮ್ಮೂರ ಜಾತ್ರೆಯ ಯೋಯೋ ಗೊತ್ತಲ್ವಾ, ಅದೇ. ಶಾಫ್ಟ್‌ಗೆ ಪಟ್ಟಿ ಸುತ್ತಿರುತ್ತದೆ. ಎಳೆದರೆ ಚಕ್ರ ತಿರುಗುತ್ತ ವೇಗ ಪಡೆಯುತ್ತದೆ. ಪಟ್ಟಿ ಪೂರ್ತಿ ಬಿಚ್ಚಿಕೊಂಡರೂ ಚಕ್ರ ನಿಲ್ಲುವುದಿಲ್ಲ, ಅದೇ ದಿಕ್ಕಿನಲ್ಲಿ ತಿರುಗುತ್ತ ಪಟ್ಟಿಯನ್ನು ಆ ಕಡೆಯಿಂದ ಸುತ್ತಿಕೊಳ್ಳುತ್ತದೆ. ಆಗ ನಾವು ತಡೆದು ನಿಲ್ಲಿಸಬೇಕು. ಎಳೆಯುವಾಗ ನಾವು ಕೊಟ್ಟದ್ದನ್ನು ತಡೆಯುವಾಗ ಬಡ್ಡಿ ಇಲ್ಲದೆ ವಾಪಸ್ ಕೊಡುತ್ತದೆ. 2001-02ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಕೆಲವರನ್ನು 90 ದಿನ ಹಾಸಿಗೆಯ ಮೇಲೆ, ತಲೆ ಕೊಂಚ ಕೆಳಗೆ ಮಾಡಿ ಮಲಗಿಸಿ, ಇದರಲ್ಲೇ ವ್ಯಾಯಾಮ ಮಾಡಿಸಿ ಪರೀಕ್ಷಿಸಿದ್ದರು. ಮಲಗಿ ಮಾಡುವ ಆ ಉಪಾಯವನ್ನು ನಾನು ಮುಂದೆ ಕದ್ದಿದ್ದೇನೆ.

ಲೆಕ್ಕ ಹೀಗಿದೆ. ಚಕ್ರದ ಜಡತ್ವವನ್ನು, ಅಂದರೆ ತಿರುಗಿಸಲು ಅದು ಎಷ್ಟು ಹಟ ಮಾಡುತ್ತದೆ ಅನ್ನುವ ಅಳತೆಯನ್ನು, ಪಟ್ಟಿ ಸುತ್ತುವ ತ್ರಿಜ್ಯದ ವರ್ಗದಿಂದ ಭಾಗಿಸಿದರೆ, ಎಳೆಯುವವನ ಕೈಗೆ ಎಷ್ಟು ಕಿಲೋ ದ್ರವ್ಯರಾಶಿ ಅನ್ನಿಸುತ್ತದೆ ಅಂತ ಸಿಗುತ್ತದೆ. 10 ಎಂ.ಎಂ. ದಪ್ಪದ ಎಂ.ಎಸ್. (ಸಾದಾ ಉಕ್ಕಿನ) ಪ್ಲೇಟ್, 280 ಎಂ.ಎಂ. ವ್ಯಾಸ. ತೂಕ 4.8 ಕಿಲೋ, ಜಡತ್ವ 0.047 ಕಿಲೋ-ಚದರ ಮೀಟರ್. ಶಾಫ್ಟ್ 25 ಎಂ.ಎಂ., ಅಂದರೆ ತ್ರಿಜ್ಯ 12.5 ಎಂ.ಎಂ. ಭಾಗಿಸಿ ನೋಡಿದರೆ 300 ಕಿಲೋ! ಐದು ಕಿಲೋ ಕಬ್ಬಿಣ 300 ಕಿಲೋ ಹಾಗೆ ನಟಿಸುತ್ತದೆ. ಅದೂ ತೂಕವೇ ಇಲ್ಲದ ಕಡೆ. ಆದರೆ ಇದು ನೇತುಹಾಕಿದ ತೂಕ ಅಲ್ಲ. ಹಳಿಯ ಮೇಲಿನ 300 ಕಿಲೋ ಗಾಡಿಯನ್ನು ತಳ್ಳಿದ ಹಾಗೆ. ಮೆಲ್ಲಗೆ ತಳ್ಳಿದರೆ ಮೆಲ್ಲಗೆ ಹೋಗುತ್ತದೆ, ಜೋರಾಗಿ ತಳ್ಳಿದರೆ ಜೋರಾಗಿ ಎದುರು ನಿಲ್ಲುತ್ತದೆ. ತೂಕದ ಪ್ಲೇಟ್ ಬದಲಿಸುವ ಕೆಲಸವೇ ಇಲ್ಲ.

ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಿ, ಪಕ್ಕದ ರಸ್ತೆಯ ಲೇತ್ ಶಾಪ್‌ಗೆ ಒಯ್ದೆ. ಅಲ್ಲಿನ ಯಜಮಾನರು ಮೂವತ್ತು ವರ್ಷದಿಂದ ಲೇತ್ ಮುಂದೆ ನಿಂತವರು. ನಾನು ಡ್ರಾಯಿಂಗ್ ಹರಡಿದೆ. ಚಕ್ರದ ನಡುವಿನ ಹಬ್ ಅನ್ನು ಶಾಫ್ಟ್‌ಗೆ ಎರಡು ಗ್ರಬ್ ಸ್ಕ್ರೂ, ಅಂದರೆ ತಲೆಯಿಲ್ಲದ, ತುದಿ ಶಾಫ್ಟ್‌ಗೆ ಒತ್ತುವ ಪುಟ್ಟ ಸ್ಕ್ರೂ, ಹಾಕಿ ಹಿಡಿಸುವುದು ಅಂತ ಬರೆದಿದ್ದೆ.

“ಸಾರ್, ಇದು ಒಂದೇ ಕಡೆ ತಿರುಗುತ್ತಾ?”

“ಇಲ್ಲಣ್ಣ, ಒಂದು ಸಲ ಹಿಂಗೆ, ಒಂದು ಸಲ ಹಂಗೆ.”

“ಹಂಗಾದ್ರೆ ಗ್ರಬ್ ಸ್ಕ್ರೂ ನಿಲ್ಲಲ್ಲ. ಕೀವೇ ಹಾಕಿಸ್ಕೊಳಿ.”

ಕೀವೇ ಅಂದರೆ ಶಾಫ್ಟ್‌ನಲ್ಲೂ ಹಬ್‌ನಲ್ಲೂ ಗಾಡಿ ಹೊಡೆದು, ಎರಡೂ ಜಾರದ ಹಾಗೆ ನಡುವೆ ಲೋಹದ ತುಂಡು ಕೂರಿಸುವುದು. ಟಾರ್ಕ್, ಅಂದರೆ ತಿರುಚುವ ಬಲ, ಹತ್ತು-ಹದಿನೈದು ನ್ಯೂಟನ್ ಮೀಟರ್, ಏನೂ ಆಗಲ್ಲ ಅಂತ ನಾನು ಲೆಕ್ಕ ತೋರಿಸಿದೆ. ಅವರು ಲೆಕ್ಕ ನೋಡಲಿಲ್ಲ, ನನ್ನ ಮುಖ ನೋಡಿದರು. ಹೇಳಿದ ಹಾಗೆ ಮಾಡಿಕೊಟ್ಟರು.

ಪಟ್ಟಿಗೆ ಕಾರಿನ ಸೀಟ್ ಬೆಲ್ಟ್ ಬಳಸಿದೆ. ತೆಳು, ಬಲಶಾಲಿ, ಗುಜರಿಯಲ್ಲಿ ಅಗ್ಗ. ಶಾಫ್ಟ್ ನಡುವೆ ಸೀಳು ಹೊಡೆಸಿ ಅದರೊಳಗೆ ತೂರಿಸಿ ಹೊಲಿಸಿದೆ. ಹೊಲಿದುಕೊಟ್ಟವರು ಮಾಗಡಿ ರಸ್ತೆಯಲ್ಲಿ ಬೈಕ್ ಸೀಟ್ ಕವರ್ ಹೊಲಿಯುವವರು. ಶಾಫ್ಟ್ ತಿರುಗಲು ಎರಡೂ ಕಡೆ ಯುಸಿಪಿ 205 ಅನ್ನುವ ಬೇರಿಂಗ್. 40 ಎಂ.ಎಂ. ಚೌಕದ ಪೈಪಿನ ಫ್ರೇಮ್, ಕಾಲಿಡಲು 12 ಎಂ.ಎಂ. ಪ್ಲೈವುಡ್. ತೂಗಿದೆ: 21.3 ಕಿಲೋ. ಷರತ್ತಿಗಿಂತ ಒಂದೂವರೆ ಪಟ್ಟು. ಇರಲಿ, ಮೊದಲು ತಿರುಗಲಿ.

ತಿರುಗಿತು. ನಿಂತುಕೊಂಡೇ ಪಟ್ಟಿ ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಎದ್ದು ಮುಗಿದ ಮರುಕ್ಷಣ ಯಾರೋ ಕೆಳಗಿನಿಂದ ಪಂಚೆ ಹಿಡಿದು ಎಳೆದ ಹಾಗಾಯಿತು. ಚಕ್ರ ನಿಮಿಷಕ್ಕೆ 900 ಸುತ್ತಿನ ಹತ್ತಿರ ಇತ್ತು. ಪಟ್ಟಿ ಸೆಕೆಂಡಿಗೆ ಒಂದು ಮೀಟರ್‌ಗೂ ಜೋರಾಗಿ ಒಳಗೆ ಹೋಗುತ್ತದೆ. ಮೊಣಕಾಲು ನೆಟ್ಟಗೆ ಲಾಕ್ ಮಾಡಿ ನಿಂತರೆ ಆ ಜಗ್ಗು ನೇರ ಬೆನ್ನಿಗೆ. ಮೊದಲನೆಯ ಪಾಠ ಅದು: ತುದಿಯಲ್ಲಿ ಮೊಣಕಾಲು ಕೊಂಚ ಬಗ್ಗಿಸಿಯೇ ಇರಬೇಕು, ಚಕ್ರ ಹಿಂದಕ್ಕೆ ಕರೆದಾಗ ಮೂರನೇ ಒಂದು ಭಾಗ ಸುಮ್ನೆ ಹೋಗಿ ಆಮೇಲೆ ತಡೆಯಬೇಕು.

ಹನ್ನೊಂದನೆಯ ಸಲ ಎದ್ದಾಗ ಟಕ್ ಅಂತ ಶಬ್ದ ಬಂತು. ಪಟ್ಟಿ ಇದ್ದಕ್ಕಿದ್ದಂತೆ ಸಡಿಲವಾಯಿತು. ಬಿಚ್ಚಿ ನೋಡಿದರೆ ಗ್ರಬ್ ಸ್ಕ್ರೂ ಶಾಫ್ಟ್ ಮೇಲೆ ಉಳುಮೆ ಮಾಡಿತ್ತು. ನನ್ನ ಟಾರ್ಕ್ ಲೆಕ್ಕ ಸರಿಯೇ ಇತ್ತು. ಆದರೆ ಅದು ನಯವಾಗಿ ಬರುವ ಟಾರ್ಕ್‌ನ ಲೆಕ್ಕ, ತುದಿಯಲ್ಲಿ ಬೀಳುವ ಪೆಟ್ಟಿನದ್ದಲ್ಲ. ಮತ್ತೆ ಪೀಣ್ಯ. ಯಜಮಾನರು ಏನೂ ಹೇಳಲಿಲ್ಲ. 8 ಎಂ.ಎಂ. ಅಗಲದ ಕೀವೇ ಹೊಡೆದು ಕೊಟ್ಟು, ಬಿಲ್‌ನಲ್ಲಿ ಮಾತ್ರ “ಕೀವೇ” ಅಂತ ದಪ್ಪಕ್ಷರದಲ್ಲಿ ಬರೆದರು.

ಪಟ್ಟಿಯ ವಿಷಯದಲ್ಲಿ ಒಂದು ತಪ್ಪು ಅದೃಷ್ಟವಾಯಿತು. ಸೀಟ್ ಬೆಲ್ಟ್ ಒಂದರ ಮೇಲೊಂದು ಸುತ್ತಿಕೊಳ್ಳುವುದರಿಂದ ಸುತ್ತಿನ ತ್ರಿಜ್ಯ ಬದಲಾಗುತ್ತದೆ. ಇದನ್ನು ನಾನು ಮರೆತಿದ್ದೆ. 650 ಎಂ.ಎಂ. ಪಟ್ಟಿ ಸುತ್ತಿದಾಗ ತ್ರಿಜ್ಯ 12.5ರಿಂದ 20 ಎಂ.ಎಂ.ಗೆ ಏರುತ್ತದೆ. ವರ್ಗದಿಂದ ಭಾಗಿಸುವ ಲೆಕ್ಕ ಅಲ್ವಾ, ಹಾಗಾಗಿ ಕೂತಾಗ ಚಕ್ರ 117 ಕಿಲೋ ಹಾಗೆ, ಎದ್ದಾಗ 300 ಕಿಲೋ ಹಾಗೆ ಇರುತ್ತದೆ. ಮೊದಲು ಇದನ್ನು ದೋಷ ಅಂತ ತೆಳು ಹಗ್ಗ ಹುಡುಕಲು ಹೊರಟೆ. ಆಮೇಲೆ ಯೋಚಿಸಿದರೆ, ಕುಕ್ಕರಗಾಲಲ್ಲಿ ಕೂತಾಗ ಮನುಷ್ಯನ ಕಾಲಿಗೆ ಬಲ ಕಡಿಮೆ, ನೆಟ್ಟಗಾಗುತ್ತ ಬಂದಂತೆ ಜಾಸ್ತಿ. ಚಕ್ರವೂ ಹಾಗೇ ಏರುತ್ತಿದೆ. ಮುಟ್ಟಲಿಲ್ಲ, ಹಾಗೇ ಬಿಟ್ಟೆ. ಮುಟ್ಟಬೇಕಾದದ್ದು ಸೀಳಿನ ಅಂಚು. ಎರಡು ವಾರದಲ್ಲಿ ಬೆಲ್ಟ್‌ನ ನೂಲು ಎದ್ದಿತ್ತು. ಅಂಚನ್ನು ಗುಂಡಗೆ ಮಾಡಿ, ಎಮರಿ ಕಾಗದ ಹಾಕಿ ಉಗುರಿಗೆ ತಾಗದಷ್ಟು ನಯ ಮಾಡಿದ ಮೇಲೆ ನಿಂತಿತು. ಯಾರಾದರೂ ಕಟ್ಟುವುದಾದರೆ ಇಲ್ಲಿ ಸೋಮಾರಿತನ ಬೇಡ. ಪಟ್ಟಿ ಹರಿದರೆ ನಿಮ್ಮ ಬೆನ್ನು ಗೋಡೆಗೆ.

ಕೆಳಗಿನ ಮನೆಯ ಆಂಟಿ

ಮೂರನೇ ವಾರ ಕೆಳಗಿನ ಮನೆಯ ಆಂಟಿ ಮೆಟ್ಟಿಲ ಹತ್ತಿರ ಸಿಕ್ಕರು. “ಏನಪ್ಪಾ, ದಿನಾ ಬೆಳಿಗ್ಗೆ ಆರಕ್ಕೇ ಹಿಟ್ಟು ರುಬ್ಬುತ್ತೀರಾ? ನಮ್ಮ ಶೋಕೇಸ್ ಗಾಜು ಗಡಗಡ ಅನ್ನುತ್ತೆ.” ನಾನು ಹೌದು ಆಂಟಿ ಅಂದುಬಿಟ್ಟೆ. ಬಾಹ್ಯಾಕಾಶದ ಯಂತ್ರ ಅಂತ ಹೇಳುವ ಧೈರ್ಯ ಬರಲಿಲ್ಲ.

ಆದರೆ ಆಂಟಿ ಹಿಡಿದ ತಪ್ಪು ನಾಸಾದವರೂ ತಲೆ ಕೆಡಿಸಿಕೊಂಡ ತಪ್ಪೇ. ನಿಲ್ದಾಣದಲ್ಲಿ ಒಬ್ಬರು ಓಡಿದರೆ ಆ ಕುಲುಕಾಟ ಗೋಡೆಗೆ ಹೋಗುತ್ತದೆ. ಪಕ್ಕದಲ್ಲೇ ಯಾರದೋ ಸೂಕ್ಷ್ಮ ಪ್ರಯೋಗ ನಡೆಯುತ್ತಿರುತ್ತದೆ. ಅದಕ್ಕೇ ಅಲ್ಲಿನ ಟ್ರೆಡ್‌ಮಿಲ್, ಸೈಕಲ್, ಎಆರ್‌ಇಡಿ ಯಾವುದನ್ನೂ ನೇರ ಗೋಡೆಗೆ ಬಿಗಿದಿಲ್ಲ. ಕಂಪನ ತಡೆಯುವ ವ್ಯವಸ್ಥೆಯ ಮೇಲೆ ಕೂರಿಸಿದ್ದಾರೆ. ಆಂಟಿಯ ಶೋಕೇಸ್ ನನ್ನ ಸೂಕ್ಷ್ಮ ಪ್ರಯೋಗ.

ಮೊದಲು ಚಕ್ರದ ಬ್ಯಾಲೆನ್ಸ್ ನೋಡಿದೆ. ಎರಡು ಆ್ಯಂಗಲ್ ತುಂಡುಗಳನ್ನು ಅಂಚು ಮೇಲಾಗಿ ಇಟ್ಟು, ರಸಮಟ್ಟ ಹಿಡಿದು ಸಮ ಮಾಡಿ, ಶಾಫ್ಟ್ ಸಮೇತ ಚಕ್ರವನ್ನು ಮೇಲಿಟ್ಟೆ. ಉರುಳಿ ಉರುಳಿ ಪ್ರತಿ ಸಲ ಒಂದೇ ಕಡೆ ಕೆಳಗೆ ಬಂದು ನಿಲ್ಲುತ್ತಿತ್ತು. ಎದುರು ಅಂಚಿಗೆ ಎಂ-ಸೀಲ್ ಅಂಟಿಸುತ್ತ ಹೋದೆ. 18 ಗ್ರಾಂ ಅಂಟಿಸಿದ ಮೇಲೆ ಎಲ್ಲಿ ಬಿಟ್ಟರೂ ಅಲ್ಲೇ ನಿಂತಿತು. ಹದಿನೆಂಟು ಗ್ರಾಂ ಅಂದರೆ ಏನು ಮಹಾ? ಅಂಚಿನಲ್ಲಿ, 900 ಸುತ್ತಿನಲ್ಲಿ, ಅದು ಎರಡು ಕಿಲೋ ಭಾರದಷ್ಟು ಜಗ್ಗುತ್ತದೆ, ಅದೂ ಸೆಕೆಂಡಿಗೆ 15 ಸಲ. ಎಂ-ಸೀಲ್ ಕಿತ್ತು, ಭಾರದ ಕಡೆ 10 ಎಂ.ಎಂ. ಡ್ರಿಲ್‌ನಿಂದ ಮೂರು ತೂತು ಹೊಡೆದೆ. ಒಂದೊಂದು ತೂತಿಗೆ ಆರು ಗ್ರಾಂ ಚಿಲ್ಲರೆ. ಸರಿಹೋಯಿತು.

ಗಡಗಡ ಶಬ್ದ ನಿಂತಿತು. ಆದರೆ ಆಂಟಿ ಒಂದು ವಾರ ಬಿಟ್ಟು, “ರುಬ್ಬೋದು ನಿಲ್ತು, ಈಗ ಕುಟ್ಟೋದು ಶುರುವಾಗಿದೆಯಲ್ಲಾ” ಅಂದರು. ನಿಜ. ಚಕ್ರದ ನಡುಕ ಹೋದ ಮೇಲೆ ಅದರ ಕೆಳಗೆ ಅಡಗಿದ್ದ ಇನ್ನೊಂದು ಕಾಣಿಸಿತ್ತು. ನಾನು ಎದ್ದು ಕೂತು ಮಾಡುವ ಧಕ್ಕೆ. ಅದಕ್ಕೂ ಚಕ್ರಕ್ಕೂ ಸಂಬಂಧ ಇಲ್ಲ, ಅದು ನನ್ನ 72 ಕಿಲೋ ಮೈಯದು.

ಗಾಡಿ ಓಡಿಹೋಯಿತು

ಇಲ್ಲಿಂದ ಮುಂದೆ ನಿಂತು ಮಾಡಿದರೆ ಉಪಯೋಗವಿಲ್ಲ ಅನ್ನಿಸಿತು. ಭೂಮಿ ನನ್ನನ್ನೂ ಯಂತ್ರವನ್ನೂ ಕೆಳಕ್ಕೆ ಒತ್ತಿ ಹಿಡಿದು ನನ್ನ ಮೋಸವನ್ನೆಲ್ಲ ಮುಚ್ಚಿಹಾಕುತ್ತಿತ್ತು. ಟುಲೂಸ್‌ನವರ ಹಾಗೆ ಮಲಗಿ ಮಾಡಬೇಕು. ಮೆಕ್ಯಾನಿಕ್‌ಗಳು ಕಾರಿನ ಕೆಳಗೆ ತೂರಲು ಬಳಸುವ ಚಕ್ರದ ಹಲಗೆಯೊಂದನ್ನು ಗ್ಯಾರೇಜಿನಿಂದ ಎರವಲು ತಂದೆ. ಯಂತ್ರಕ್ಕೂ ನಾಲ್ಕು ಕ್ಯಾಸ್ಟರ್, ಅಂದರೆ ಪುಟ್ಟ ಗಾಲಿ, ಹಾಕಿದೆ. ನಾನು ಹಲಗೆಯ ಮೇಲೆ ಅಂಗಾತ ಮಲಗಿ, ಕಾಲನ್ನು ನೆಟ್ಟಗೆ ನಿಲ್ಲಿಸಿದ ಪ್ಲೈವುಡ್‌ಗೆ ಒತ್ತಿ, ಪಟ್ಟಿಯನ್ನು ಸೊಂಟ ಮತ್ತು ಹೆಗಲಿಗೆ ಹಂಚಿ ಕಟ್ಟಿಕೊಂಡೆ. ಹಾಲ್‌ನ ನುಣುಪು ಟೈಲ್ಸ್ ಮೇಲೆ ಎರಡೂ ಜಾರುತ್ತವೆ. ಒಂದು ದಿಕ್ಕಿನಲ್ಲಾದರೂ ನಾನು ತೇಲುತ್ತಿದ್ದೇನೆ ಅಂದುಕೊಳ್ಳಬಹುದು.

ನನ್ನ ಲೆಕ್ಕ ಸರಳವಾಗಿತ್ತು. ಕಾಲು ಪ್ಲೈವುಡ್ ಅನ್ನು ಆ ಕಡೆ ಒತ್ತುತ್ತದೆ. ಪಟ್ಟಿ ಯಂತ್ರವನ್ನು ಈ ಕಡೆ ಎಳೆಯುತ್ತದೆ. ಎರಡೂ ಒಂದೇ ಫ್ರೇಮಿನಲ್ಲಿ ಸಮವಾಗಿ ಮುಗಿದುಹೋಗುತ್ತವೆ, ಹೊರಗೆ ಏನೂ ಹೋಗುವುದಿಲ್ಲ. ನೆಲಕ್ಕೆ ಬೋಲ್ಟ್ ಬೇಡ ಅನ್ನುವ ನಾಲ್ಕನೇ ಷರತ್ತು ಗೆದ್ದ ಹಾಗೆ.

ಅಕ್ಕನ ಮಗ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ. ನಾನು ಕಾಲು ಚಾಚಿದೆ. ಯಂತ್ರ ಅರ್ಧ ಮೀಟರ್ ಆ ಕಡೆ ಹಾರಿ ಟೀಪಾಯಿಗೆ ಗುದ್ದಿತು. ನಾನು ಇದ್ದಲ್ಲೇ ಇದ್ದೆ.

“ಮಾಮ, ನೀವು ವ್ಯಾಯಾಮ ಮಾಡ್ತಿಲ್ಲ, ಅದು ಮಾಡ್ತಿದೆ” ಅಂದ.

ಅವನು ಹೇಳಿದ್ದು ಅಕ್ಷರಶಃ ನಿಜ. ಕಾಲು ಚಾಚಿದರೆ ನನ್ನ ಮತ್ತು ಯಂತ್ರದ ನಡುವೆ 60 ಸೆಂಟಿಮೀಟರ್ ಹೆಚ್ಚಬೇಕು. ಆ 60ನ್ನು ಇಬ್ಬರೂ ತೂಕಕ್ಕೆ ತಲೆಕೆಳಗಾಗಿ ಹಂಚಿಕೊಳ್ಳುತ್ತೇವೆ. ನಾನು 72 ಕಿಲೋ, ಯಂತ್ರ ಅಷ್ಟು ಹೊತ್ತಿಗೆ ಇಳಿದು 18ರ ಆಸುಪಾಸು. ನನ್ನ ಪಾಲು 12 ಸೆಂಟಿಮೀಟರ್, ಯಂತ್ರದ ಪಾಲು 48. ಅಂದರೆ ಯಂತ್ರವನ್ನು ಹಗುರ ಮಾಡಿದಷ್ಟೂ ಅದು ಜಾಸ್ತಿ ಓಡುತ್ತದೆ! ತೂಕ ಇಳಿಸುವುದೇ ಸಾಧನೆ ಅಂದುಕೊಂಡು ಹೊರಟವನಿಗೆ ಇದು ಒಳ್ಳೆಯ ಏಟು.

ಹಾಗಾಗಿ ಕಟ್ಟಿಹಾಕಲೇಬೇಕು. ಯಂತ್ರವನ್ನು ನೌಕೆಗೆ ಬಿಗಿದರೆ ಆಗ ಓಡಾಡುವುದು ನಾನು, ಪೂರ್ತಿ 60 ಸೆಂಟಿಮೀಟರ್. ಎರಡೂವರೆ ಸೆಕೆಂಡಿಗೆ ಒಂದು ಸಲ ಹೋಗಿ ಬರುವ 72 ಕಿಲೋ ಮೈಯನ್ನು ನಿಲ್ಲಿಸಿ ತಿರುಗಿಸಲು ಸುಮಾರು 14 ಕಿಲೋ ಭಾರದಷ್ಟು ಬಲ ಬೇಕು. ಅದು ನೌಕೆಯ ಗೋಡೆಗೇ ಹೋಗುತ್ತದೆ. ಪಟ್ಟಿಯಲ್ಲಿ ಹುಟ್ಟುವ 60-80 ಕಿಲೋ ಫ್ರೇಮಿನೊಳಗೇ ತೀರುತ್ತದೆ, ಆ 14 ಕಿಲೋ ಮಾತ್ರ ಸೋರುತ್ತದೆ. ಆಂಟಿಗೆ ಕೇಳಿಸಿದ ಕುಟ್ಟುವ ಶಬ್ದ ಅದೇ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ತೆಗೆಯಲು ಆಗುವುದಿಲ್ಲ, ಯಾಕೆಂದರೆ ಅದು ಯಂತ್ರದಿಂದ ಬರುವುದೇ ಇಲ್ಲ. ಬೇಕಾದರೆ ಸ್ಪ್ರಿಂಗ್ ಇಟ್ಟು ಮೆತ್ತಗೆ ಮಾಡಬಹುದು.

ನಾನು ಅದನ್ನೇ ಮಾಡಿದೆ. ಮೊದಲ ಶನಿವಾರ ಬೈದು ಬಿಸಾಕಿದ್ದ ಎಲಾಸ್ಟಿಕ್ ಹಗ್ಗಗಳು ಅಟ್ಟದಲ್ಲಿದ್ದವು. ಯಂತ್ರದ ಹಿಂದೆ ಎರಡು, ಮುಂದೆ ಎರಡು ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೂ ಬಾಗಿಲ ಹೊಸ್ತಿಲ ಕೊಕ್ಕೆಗೂ ಸಿಕ್ಕಿಸಿದೆ. ಈಗ ಯಂತ್ರ ಕೊಂಚ ಹೋಗುತ್ತದೆ, ಕೊಂಚ ನಾನು. ಭಾರ ಹುಟ್ಟಿಸಲು ಲಾಯಕ್ಕಿಲ್ಲದ ರಬ್ಬರ್ ಧಕ್ಕೆ ನುಂಗಲು ಸರಿಯಾಗಿ ಬಂತು. ಆಂಟಿ ಆಮೇಲೆ ಏನೂ ಹೇಳಿಲ್ಲ.

ಅಳತೆ, ತೂಕ, ಮತ್ತೆ ತೂಕ

ಎಸ್.ಪಿ. ರಸ್ತೆಯಿಂದ 200 ಕಿಲೋವರೆಗೆ ಎಳೆತ ಅಳೆಯುವ ಎಸ್ ಆಕಾರದ ಲೋಡ್ ಸೆಲ್, ಅದರ ಸಂಕೇತ ಓದುವ ಎಚ್‌ಎಕ್ಸ್711 ಬೋರ್ಡ್, ಲೆಕ್ಕ ಇಡಲು ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ತಂದು ಅಕ್ಕನ ಮಗನ ಕೈಗೆ ಕೊಟ್ಟೆ. ಮೊದಲ ದಿನ ಬಂದ ಗ್ರಾಫ್ ನೋಡಿದರೆ ನಾನು ಮಲಗಿಕೊಂಡು ಪಾಯಸ ಕಲಕುತ್ತಿದ್ದ ಹಾಗಿತ್ತು, ಎಲ್ಲೂ ಏರಿಳಿತವೇ ಇಲ್ಲ. ಎಚ್‌ಎಕ್ಸ್711 ಸುಮ್ನೆ ಬಿಟ್ಟರೆ ಸೆಕೆಂಡಿಗೆ ಹತ್ತೇ ಸಲ ಅಳೆಯುತ್ತದೆ. ತುದಿಯ ಜಗ್ಗು ಆ ಹತ್ತರ ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತಿತ್ತು. ಒಂದು ಪಿನ್ ಬದಲಿಸಿ 80ಕ್ಕೆ ಏರಿಸಿದ ಮೇಲೆ ನಿಜ ಕಾಣಿಸಿತು: ಕಾಲು ಚಾಚುವಾಗ ಗರಿಷ್ಠ 62 ಕಿಲೋ, ತಡೆಯುವಾಗ 81. ತಡ ಮಾಡಿ, ಕಡಿಮೆ ದೂರದಲ್ಲಿ ತಡೆದಷ್ಟೂ ಎರಡನೆಯ ಅಂಕಿ ಏರುತ್ತದೆ. ಹಳೆಯ ಪ್ರಯೋಗಗಳಲ್ಲಿ ಮಾಡಿಸುತ್ತಿದ್ದ ಹಾಗೆ ಏಳೇಳರ ನಾಲ್ಕು ಸೆಟ್ ಮಾಡಿದರೆ ಮರುದಿನ ಮೆಟ್ಟಿಲು ಇಳಿಯುವಾಗ ರೈಲಿಂಗ್ ಬೇಕಾಗುತ್ತದೆ. ಇದು ನನ್ನ ಕಾಲಿನ ಸಾಕ್ಷಿ, ವಿಜ್ಞಾನದ್ದಲ್ಲ.

ತೂಕ ಇಳಿಸುವ ಹುಚ್ಚು ಮಾತ್ರ ಬಿಡಲಿಲ್ಲ. ಯುಸಿಪಿ ಬೇರಿಂಗ್ ಬೀಡುಕಬ್ಬಿಣದ್ದು, ಒಂದೊಂದು 800 ಗ್ರಾಂ. ಅದನ್ನು ತೆಗೆದು, ಬೇರಿಂಗ್ ಕೂರಲು ಅಲ್ಯೂಮಿನಿಯಂ ಗೂಡು ಕೊರೆಸಿ, ಅದರಲ್ಲಿ 6205 ಅನ್ನುವ ಬರೀ ಬೇರಿಂಗ್ ಕೂರಿಸಿದೆ. ಬೇರಿಂಗ್ 130 ಗ್ರಾಂ, ಅಷ್ಟೇ. ಫ್ರೇಮ್ ಅಲ್ಯೂಮಿನಿಯಂ ಆಯಿತು. ಚಕ್ರದ ನಡುಭಾಗದಲ್ಲಿ 60 ಎಂ.ಎಂ. ವ್ಯಾಸದ ಆರು ಕಿಟಕಿ ಕೊರೆಸಿದೆ. ಮಧ್ಯದ ಕಬ್ಬಿಣ ತೂಕಕ್ಕೆ ಮಾತ್ರ ಇದೆ, ಕೆಲಸ ಮಾಡುವುದು ಅಂಚಿನದು. ಹಾಗಾಗಿ ಚಕ್ರದ ತೂಕ 4.8ರಿಂದ 3.5ಕ್ಕೆ ಇಳಿದರೂ ಜಡತ್ವ ಹೋದದ್ದು ಶೇಕಡ 17 ಮಾತ್ರ.

ಲೇತ್ ಯಜಮಾನರು ಕಿಟಕಿ ಕೊರೆಯುತ್ತ ಒಂದು ಪ್ರಶ್ನೆ ಕೇಳಿದರು. “ಸಾರ್, ಮೇಲೆ ಹೋದ್ರೆ ತೂಕನೇ ಇರಲ್ಲ ಅಂತೀರಿ. ಮತ್ತೆ ಗ್ರಾಂ ಗ್ರಾಂ ಲೆಕ್ಕ ಯಾಕೆ?”

“ಮೇಲೆ ಹೋಗೋವರೆಗೂ ಇರುತ್ತಲ್ಲಣ್ಣ.”

“ಅದೂ ಸರಿ. ನಮ್ಮ ಲಾರಿ ಬಾಡಿಗೆ ಥರ.”

ಈಗಿನ ತೂಕ 15.8 ಕಿಲೋ. ಇನ್ನೂ ಎರಡು ಕಿಲೋ ಹತ್ತಿರ ಬಾಕಿ. ಶಾಫ್ಟ್ ಸಣ್ಣದು ಮಾಡಿದರೆ ಇನ್ನೂ ಹಗುರದ ಚಕ್ರ ಸಾಕು, ಲೆಕ್ಕ ಹಾಗೇ ಹೇಳುತ್ತದೆ. ಆದರೆ ಆಗ ಅದೇ ಎಳೆತಕ್ಕೆ ಚಕ್ರ ಇನ್ನೂ ಜೋರಾಗಿ ಸುತ್ತಬೇಕು, ಬ್ಯಾಲೆನ್ಸ್‌ನ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಆಂಟಿಯ ಶೋಕೇಸ್ ನೆನಪಾಗಿ ಕೈ ಹಿಂದೆ ತೆಗೆದೆ. ಒರಾಯನ್‌ನ ಯಂತ್ರದಲ್ಲಿ ರೋಯಿಂಗ್ ಕೂಡ ಮಾಡಬಹುದು, ಉಸಿರು ಏರುವ ವ್ಯಾಯಾಮಕ್ಕೆ. ನನ್ನದರಲ್ಲಿ ಹಿಡಿ ಸಿಕ್ಕಿಸಿ ನೋಡಿದೆ, ಪಟ್ಟಿ ಉದ್ದ ಸಾಲದು, ಕೈ ಎದೆಗೆ ಬರುವ ಮೊದಲೇ ಮುಗಿಯುತ್ತದೆ. ಅದು ಬೇರೆಯೇ ಡ್ರಾಯಿಂಗ್.

ಸದ್ಯ ತಲೆ ತಿನ್ನುತ್ತಿರುವುದು ಇನ್ನೊಂದು. ಮಲಗಿ ಮಾಡುವಾಗ ಚಕ್ರ ನೆಲಕ್ಕೆ ಸಮಾನಾಂತರವಾಗಿ, ರಾಗಿಕಲ್ಲಿನ ಹಾಗೆ ಮಲಗಿರುತ್ತದೆ. ವಿಡಿಯೋವನ್ನು ನಿಧಾನವಾಗಿ ಓಡಿಸಿ ನೋಡಿದರೆ, ಪ್ರತಿ ಎಳೆತಕ್ಕೂ ಯಂತ್ರ ಮೂತಿ ತಿರುಗಿಸುತ್ತದೆ. ಒಂದು ಸಲ ಎಡಕ್ಕೆ, ಮುಂದಿನ ಸಲ ಬಲಕ್ಕೆ. ಚಕ್ರ ಒಂದು ಕಡೆ ಸುತ್ತಿದರೆ ಅದನ್ನು ಹಿಡಿದವರೆಲ್ಲ, ಅಂದರೆ ಫ್ರೇಮೂ ನಾನೂ, ಇನ್ನೊಂದು ಕಡೆ ಸುತ್ತಬೇಕು. ಯೋಯೋ ಅಲ್ವಾ, ಪ್ರತಿ ಎಳೆತಕ್ಕೂ ದಿಕ್ಕು ಅದಲುಬದಲು. ಟೈಲ್ಸ್ ಮೇಲೆ ನಾಲ್ಕೈದು ಡಿಗ್ರಿ ಅಷ್ಟೇ, ಕ್ಯಾಸ್ಟರ್ ಉಜ್ಜಿ ನಿಲ್ಲಿಸಿಬಿಡುತ್ತದೆ. ನೌಕೆಗೆ ಬಿಗಿದಿದ್ದರೆ ಇದೂ ಗೋಡೆಗೇ ಹೋಗುವ ಲೆಕ್ಕ.

ಕಳೆದ ವಾರ ಪೀಣ್ಯದಲ್ಲಿ ಇದನ್ನು ಹೇಳಿಕೊಂಡೆ. ಯಜಮಾನರು ಚಾ ಲೋಟ ಕೆಳಗಿಟ್ಟು, ಎರಡೂ ಕೈಯ ತೋರುಬೆರಳನ್ನು ಎದುರುಬದುರು ಸುತ್ತಿಸಿ ತೋರಿಸಿದರು. “ಎರಡು ಚಿಕ್ಕ ಚಕ್ರ ಮಾಡಿ ಸಾರ್. ಸೊಂಟದ ಆ ಕಡೆಗೊಂದು ಪಟ್ಟಿ, ಈ ಕಡೆಗೊಂದು. ಒಂದು ಹಿಂಗೆ ಸುತ್ತಲಿ, ಒಂದು ಹಂಗೆ.” ಎಡಗಾಲು ಬಲಗಾಲಿಗಿಂತ ಕೊಂಚ ಸೋಮಾರಿಯಾದರೆ ಎರಡು ಚಕ್ರ ಹೊಂದುವುದಿಲ್ಲವಲ್ಲ ಅಂದೆ. ಅದು ನಿಮ್ಮ ಕಾಲಿನ ಸಮಸ್ಯೆ ಅಂದರು.

ಬರುವ ಶನಿವಾರ 5 ಎಂ.ಎಂ. ಪ್ಲೇಟಿನ ಎರಡು ಚಕ್ರದ ಡ್ರಾಯಿಂಗ್ ಒಯ್ಯಬೇಕು. ಕೀವೇ ಬರೆದಿದ್ದೇನೆ, ಎರಡು ಕಡೆ, ದಪ್ಪಕ್ಷರದಲ್ಲಿ.